ಕಂಬಳಿ ಹೊದ್ದ ಪಿಕಪ್ಪು

ಹೋಗಿ ಬರುವ ಗಾಡಿಗಳ ಬೆನ್ನು ನೋಡುವ ಚಟವೊಂದು ಈಚೆಗೆ ನನಗೆ ಅಂಟಿಕೊಂಡಿದೆ. ಪಿಕಪ್ ಒಂದು ಎದುರಾದರೆ ಸಾಕು, ಬೈಕಿನ ವೇಗ ತಾನಾಗಿ ಇಳಿಯುತ್ತದೆ, ಕತ್ತು ತಾನಾಗಿ ತಿರುಗುತ್ತದೆ. ಹಿಂದೆ ಬರೆಸಿದ ಮನೆದೇವರ ಹೆಸರಾಗಲಿ, ಮಕ್ಕಳ ಹೆಸರಾಗಲಿ ನನಗೆ ಬೇಡ. ಮೇಲೆ ಏನು ಹೊದಿಸಿದ್ದಾರೆ, ಹಗ್ಗ ಹೇಗೆ ಬಿಗಿದಿದ್ದಾರೆ, ಅಂಚು ಗಾಳಿಗೆ ಪಟಪಟ ಅನ್ನುತ್ತಿದೆಯೋ ಇಲ್ಲವೋ, ಅಷ್ಟು ನೋಡಿಕೊಂಡರೆ ಸಮಾಧಾನ. ಅಂಗಡಿಯಲ್ಲಿ ಮದುವೆ ಸೀರೆ ಆರಿಸುವವರೂ ಇಷ್ಟು ದಿಟ್ಟಿಸಿ ನೋಡಲಾರರು.

ಈ ಚಟಕ್ಕೆ ಕಾರಣ ನಮ್ಮ ಮನೆಯ ಪಿಕಪ್. ಅದನ್ನು ಕೊಂಡವಳು ನನ್ನ ಹೆಂಡತಿ ಗಂಗರತ್ನ, ಓಡಿಸುವವಳೂ ಅವಳೇ. ನಾನು ಮಧುಗಿರಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನಾನು ಸ್ಟಿಯರಿಂಗ್ ಹಿಡಿದರೆ ರಸ್ತೆಯ ಎರಡೂ ಬದಿಯ ಬೇಲಿಗಳು ಬಾ ಬಾ ಎಂದು ಕರೆಯುತ್ತವೆ. ಅವಳಾದರೋ ಕೊಳಾಲದ ಪಕ್ಕದ ನಮ್ಮ ಹಳ್ಳಿಯ ಓಣಿಯಲ್ಲಿ, ಒಂದು ಕಡೆ ತಿಪ್ಪೆ, ಇನ್ನೊಂದು ಕಡೆ ಯಾರದೋ ಎಮ್ಮೆ ಇದ್ದರೂ, ಕನ್ನಡಿ ನೋಡಿಕೊಂಡೇ ಗಾಡಿಯನ್ನು ಉದ್ದಕ್ಕೂ ಹಿಂದಕ್ಕೆ ಓಡಿಸಿಕೊಂಡು ಹೋಗುತ್ತಾಳೆ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಕಂಡರೂ ಕಾಣದಂತೆ ಮುಂದೆ ಓದಬೇಕಾಗಿ ಕೋರಿಕೆ.

ನಮ್ಮ ಸುತ್ತಿನ ಹೆಂಗಸರು ಕನಕಾಂಬರ, ಕಾಕಡ, ಸೇವಂತಿಗೆ ಬೆಳೆಯುತ್ತಾರೆ. ಪಾವಗಡದಲ್ಲಿ ಹೂವಿಗೆ ಒಳ್ಳೆಯ ಗಿರಾಕಿ ಇದೆ. ಆದರೆ ನಡುವೆ ಬಿಸಿಲೂ ಇದೆ. ಅದನ್ನೇ ನಂಬಿ ಆ ಕಡೆಯ ವಳ್ಳೂರಿನ ಸುತ್ತ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಾಸಿದ್ದಾರೆ ಅಂದಮೇಲೆ ಆ ಬಿಸಿಲಿನ ಪ್ರತಾಪವನ್ನು ನಾನು ಬೇರೆ ವರ್ಣಿಸಬೇಕಾಗಿಲ್ಲ. ಅವರಿವರ ಗಾಡಿಯಲ್ಲಿ, ಪ್ಲಾಸ್ಟಿಕ್ ಟಾರ್ಪಾಲಿನ ಕೆಳಗೆ ಹೋದ ಹೂವು ಅಲ್ಲಿ ಇಳಿಯುವ ಹೊತ್ತಿಗೆ ಬೆಂದ ಸೊಪ್ಪಾಗಿರುತ್ತಿತ್ತು. ಬೆಂದ ಹೂವನ್ನು ಯಾರೂ ಮುಡಿಯುವುದಿಲ್ಲ, ಸಾರಿಗೂ ಹಾಕುವುದಿಲ್ಲ.

ಅಲ್ಲಿನ ಹೂವಿನ ಮಂಡಿಯ ನರಸಿಂಹುಲು ನನ್ನ ಹೆಂಡತಿಗೆ ಫೋನಿನಲ್ಲಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಅಮ್ಮಾ, ಈ ಎಂಡಲ್ಲಿ, ಈ ಬಿಸಿಲಲ್ಲಿ ಹೂವು ತರೋದು ಅಂದ್ರೆ ಮಾಟಲಾ, ಬರೀ ಮಾತಾ? ಯುಗಾದಿಗೆ ಒಂದು ಲೋಡು ತಂದು ತೋರ್ಸು. ಚೆನ್ನಾಗಿದ್ರೆ ದಿನಾ ನಿಂದೇ ಗಾಡಿ. ಬಾಡಿ ಬಂದ್ರೆ ಇಂಕ ನನ್ನ ಕೇಳಬೇಡ."

ಅವಳು ಹೂಂ ಅಂದಳು. ಅಷ್ಟಕ್ಕೇ ಬಿಡದೆ ಸಂಜೆ ಊರಿನ ಹೆಂಗಸರನ್ನೆಲ್ಲ ಸೇರಿಸಿ, "ಯುಗಾದಿ ಹೂವು ನಂಗೇ ಕೊಡಿ ಕಣ್ರಮ್ಮಾ. ಒಂದು ಎಸಳೂ ಬಾಡ್ದಂಗೆ ಮುಟ್ಟಿಸ್ತೀನಿ" ಎಂದು ಮಾತು ಕೊಟ್ಟಳು. "ಬುಡು ಗಂಗಕ್ಕ, ನೀನು ಹೇಳಿದ್ಮೇಲೆ ಮುಗೀತು" ಎಂದು ಅವರೂ ಎದ್ದು ಹೋದರು. ಅವರ ಬೆಳೆ, ಇವಳ ಮಾತು, ಎರಡೂ ಪಿಕಪ್ಪಿನ ಬೆನ್ನ ಮೇಲೆ ಕೂತವು. ಆ ಬೆನ್ನಿಗೋ ಹೊದಿಕೆಯೇ ಇರಲಿಲ್ಲ.

ಹೊದಿಕೆ ಆರಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಯಾರೂ ವಹಿಸಿರಲಿಲ್ಲ ಎಂಬುದು ಬೇರೆ ಮಾತು. ಸಮಾಜ ವಿಜ್ಞಾನದವನಿಗೆ ಯಾವುದನ್ನೂ ಆದಿಯಿಂದ ಶುರು ಮಾಡದಿದ್ದರೆ ತೃಪ್ತಿಯಿಲ್ಲ. ಊಟದ ಹೊತ್ತಿನಲ್ಲಿ ಅವಳಿಗೆ ಹೊದಿಕೆಯ ಚರಿತ್ರೆಯನ್ನೇ ಹೇಳತೊಡಗಿದೆ. ಮನುಷ್ಯ ತನ್ನ ಮೈಗೆ ಬಟ್ಟೆ ಸುತ್ತಿಕೊಂಡದ್ದಕ್ಕೇ ನಿಲ್ಲಲಿಲ್ಲ, ತನಗೆ ಬೇಕಾದುದಕ್ಕೆಲ್ಲ ಹೊದಿಸುತ್ತಾ ಬಂದ. ತೊಟ್ಟಿಲ ಮೇಲೆ ಅಮ್ಮನ ಹಳೆ ಸೀರೆ, ಬುತ್ತಿಗೆ ಒದ್ದೆ ಬಟ್ಟೆ, ಆನೆಯ ಮೇಲೆ ಕೂತ ರಾಜನಿಗೆ ಅಂಬಾರಿ, ಕಮಾನು ಗಾಡಿಗೆ ಬಿದಿರು ತಟ್ಟಿ. ಯಾವುದರ ಮೇಲೆ ಏನು ಹೊದಿಸಿದ್ದಾರೆ ಎಂದು ನೋಡಿದರೆ ಒಳಗಿರುವುದರ ಮೇಲೆ ಎಷ್ಟು ಪ್ರೀತಿ ಇದೆ ಎಂದು ತಿಳಿಯುತ್ತದೆ. ಇಷ್ಟು ಹೇಳಿ ನಾನು ಮೆಚ್ಚುಗೆಗೆ ಕಾದೆ. "ಮುದ್ದೆ ಆರೋಯ್ತದೆ, ಉಣ್ಣಿ" ಅಂದಳು.

ಚರಿತ್ರೆಯಿಂದ ನಾನು ವರ್ತಮಾನಕ್ಕೆ ಬಂದು ಮೊಬೈಲಿನಲ್ಲಿ ಒಂದು ವೀಡಿಯೊ ತೆಗೆದೆ. ಅಮೆರಿಕದವನೊಬ್ಬ ತನ್ನ ಪಿಕಪ್ಪಿನ ಮುಂದೆ ನಿಂತು ಗುಂಡಿ ಒತ್ತುತ್ತಾನೆ. ಕಪ್ಪು ಮುಚ್ಚಳವೊಂದು ಸರ್ರನೆ ಜಾರಿ ಬಂದು ಹಿಂಭಾಗವನ್ನು ಮಟ್ಟಸವಾಗಿ ಮುಚ್ಚುತ್ತದೆ. ನಾನು ಮರುಳಾಗಿಬಿಟ್ಟೆ. ಅವಳು ಒಮ್ಮೆ ನೋಡಿ, "ಇದು ಟಿಫನ್ ಬಾಕ್ಸು ಕಣ್ರೀ. ಇದ್ರೊಳಗೆ ಹೂವಿನ ಮಂಕ್ರಿ ಹೆಂಗೆ ಇಡ್ಲಿ?" ಅಂದಳು. ಹೌದಲ್ಲ! ನಮ್ಮ ಕಡೆ ಯಾವ ಗಾಡಿಯ ಹೊರೆ ತಾನೆ ಪಕ್ಕದ ಹಲಗೆಯ ಮಟ್ಟಕ್ಕೆ ನಿಂತಿದೆ? ಕಡಲೆಕಾಯಿ ಚೀಲವಿರಲಿ, ಹುಣಸೆಹಣ್ಣಿರಲಿ, ಮದುವೆ ಮನೆಯ ಪಾತ್ರೆಯಿರಲಿ, ಹಲಗೆಯ ಮಟ್ಟ ದಾಟಿದ ಮೇಲೆಯೇ ನಮ್ಮವರು ಲೋಡು ಶುರುವಾಯಿತು ಅನ್ನುವುದು. ಮಟ್ಟಸವಾದ ಮುಚ್ಚಳ ಬೇಕೆಂದರೆ ಖಾಲಿ ಗಾಡಿಯನ್ನೇ ಓಡಿಸಬೇಕು.

ಮುಂದಿನ ರಜೆಯಲ್ಲಿ ಇಬ್ಬರೂ ಶಿರಾಕ್ಕೆ ಹೋದೆವು. ಟಾರ್ಪಾಲ್ ಅಂಗಡಿಯ ಸಾಹೇಬರು ಲಾರಿಗೆ ಹಾಕುವ ದಪ್ಪ ಕ್ಯಾನ್ವಾಸನ್ನು ನಮ್ಮ ಮುಂದೆ ಹರಡಿ, ಅದರ ಮೇಲೊಂದು ಲೋಟ ನೀರು ಸುರಿದು ತೋರಿಸಿದರು. "ಏಕ್ದಂ ಪಕ್ಕಾ ಮಾಲು ಅಕ್ಕಾ. ಒಂದು ಬೂಂದ್ ನೀರು ಒಳಗೆ ಹೋದ್ರೆ ನನ್ನ ಕೇಳಿ."

"ನೀರು ಒಳಕ್ಕೆ ಹೋಗಲ್ಲ, ಸರಿ ಭಾಯ್. ಬಿಸಿ ಹೊರಕ್ಕೆ ಬತ್ತದಾ?"

ಸಾಹೇಬರು ಗಡ್ಡ ಸವರಿಕೊಂಡು ನಕ್ಕರು. "ಇಷ್ಟು ವರ್ಷದಾಗೆ ಈ ಸವಾಲು ಯಾರೂ ಕೇಳಿಲ್ಲ ಅಕ್ಕಾ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಹಸಿರು ನೆರಳು ಪರದೆ ತೋರಿಸಿದರು. ಅದರ ತೂತಿನಲ್ಲಿ ಬಿಸಿಲು ಜರಡಿ ಹಿಡಿದ ಹಾಗೆ ಇಳಿಯುತ್ತಿತ್ತು. ಬರಿಗೈಯಲ್ಲಿ ಹೊರಗೆ ಬಂದೆವು. ಬೇವಿನ ಮರದ ಕೆಳಗೆ ಕುರಿ ಮಾರಲು ಬಂದವನೊಬ್ಬ ಕೂತಿದ್ದ. ಅವನ ಪಕ್ಕದಲ್ಲಿದ್ದ ನೀರಿನ ಬಾಟಲಿಗೆ ಹಳೆ ಕಂಬಳಿಯ ತುಂಡು ಸುತ್ತಿ ಒದ್ದೆ ಮಾಡಿದ್ದ. ನಾನು ಅವನ ಕುರಿ ನೋಡಿದೆ. ಗಂಗರತ್ನ ಹೋಗಿ ಬಾಟಲಿ ಮುಟ್ಟಿದಳು. "ಒಳ್ಳೆ ಮಡಿಕೆ ನೀರಿನಂಗೆ ತಣ್ಣಗೈತೆ ಕಣ್ರೀ!" ಅಂದವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ನಮ್ಮ ಪಿಕಪ್ಪಿಗೆ ಕಂಬಳಿಯ ಯೋಗ ಬಂತೆಂದು.

ಗೌಡಗೆರೆ ಕಡೆಯ ಒಂದು ಹಳ್ಳಿಯಲ್ಲಿ ಇನ್ನೂ ಕಂಬಳಿ ನೇಯುವ ಮನೆಯಿತ್ತು. ಮಗ್ಗದಲ್ಲಿ ಕೂತಿದ್ದ ಹಿರಿಯ ತಲೆಯೆತ್ತದೆ ಕೇಳಿದ: "ಯಾರ್ಗವ್ವಾ ಕಂಬ್ಳಿ?"

"ನಮ್ ಗಾಡಿಗೆ ಕಣಣ್ಣ."

ಲಾಳಿ ನಿಂತಿತು. "ಗಾಡಿಗಾ? ಕಂಬ್ಳಿ ಅಂದ್ರೆ ಏನು ಅಂದ್ಕಂಡಿದ್ದೀಯವ್ವಾ? ದ್ಯಾವ್ರಿಗೆ ಗದ್ದಿಗೆ ಹಾಸದು. ಮದ್ವೆ ಗಂಡು ಹೆಣ್ಣು ಕೂರಕ್ಕೆ ಹಾಸದು. ಡೀಸೆಲ್ ಗಾಡಿಗೆ ಹೊದ್ಸಕ್ಕಲ್ಲ."

"ಗಾಡಿಗೆ ಅಂದ್ರೆ ಹೂವಿಗೆ ಕಣಣ್ಣ. ಆ ದ್ಯಾವ್ರಿಗೆ ಏರ್ಸದು, ಆ ಗಂಡು ಹೆಣ್ಣು ಹಾಕ್ಕಳದು ನಮ್ ಹೂವೇ ಅಲ್ವಾ?"

ಆತ ಲಾಳಿ ಪಕ್ಕಕ್ಕಿಟ್ಟ. ನಾನು ಹೊರಡೋಣವೆಂದು ಕಣ್ಸನ್ನೆ ಮಾಡುತ್ತಿದ್ದೆ. "ಆಯ್ತು, ನೇದು ಕೊಡ್ತೀನಿ. ಆದ್ರೆ ಕೆರ ಮೆಟ್ಕಂಡು ಯಾರೂ ತುಳೀಬಾರ್ದು" ಅಂದ. ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಕಂಬಳಿಯ ಮೇಲೆ ಕಾಲಿಡುವಂತಿಲ್ಲ ಎಂಬುದು ಅವರ ಕಟ್ಟಳೆ. ಇವಳು ಮರುಮಾತಿಲ್ಲದೆ ಒಪ್ಪಿದಳು. ಹಿರಿಯ ಎದ್ದು ಬಂದು, ಮದುಮಗನ ಅಳತೆ ತೆಗೆಯುವ ಹಾಗೆ ಪಿಕಪ್ಪನ್ನು ಮೊಳದಲ್ಲಿ ಅಳೆದು, "ಇದ್ರ ತಲೆ ಯಾವ ಕಡೆ?" ಎಂದು ಕೇಳಿದ. ತಲೆಯ ಕಡೆಗೆ ಬೇರೆ ಅಂಚು ಬರಬೇಕಂತೆ. ಕ್ಯಾಬಿನ್ ಇರುವುದೇ ತಲೆಯೆಂದು ತೀರ್ಮಾನವಾಯಿತು. ಹೀಗೆ ಪಟ್ಟಿ ಪಟ್ಟಿಯಾಗಿ ನೇಯ್ದು, ಸೇರಿಸಿ ಹೊಲಿದು, ಕ್ಯಾಬಿನ್ನಿನ ಕಡೆ ಕೆಂಪಂಚು ಇಟ್ಟ ಕರಿ ಕಂಬಳಿ ನಮ್ಮ ಮನೆಗೆ ಬಂತು.

ನನಗೆ ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, "ನಿಮ್ಮ ಗಾಡಿಗೆ ಚಳಿ ಜ್ವರವಾ ಸಾರ್? ಕಷಾಯ ಕುಡಿಸಿದ್ರಾ?" ಎಂದು ವಿಚಾರಿಸಿಕೊಂಡರು. ಅದಕ್ಕಿಂತ ದೊಡ್ಡ ದಿಗಿಲು ವಾಸನೆಯದು. ನೆನೆದ ಕಂಬಳಿಗೆ ಕುರಿಯ ವಾಸನೆ ಇದ್ದೇ ಇರುತ್ತದೆ. ಯುಗಾದಿಯ ದಿನ ದೇವರ ಮುಡಿಯಿಂದ ಕುರಿಮಂದೆಯ ಘಮ ಬಂದರೆ? ಇದನ್ನು ಹೇಳಿದಾಗ ಅವಳು ವಾದಕ್ಕೆ ನಿಲ್ಲಲಿಲ್ಲ. ನೇಯುವಾಗ ಹಾಕಿದ ಹುಣಸೆಬೀಜದ ಗಂಜಿಯೆಲ್ಲ ಬಿಡುವವರೆಗೆ ಕಂಬಳಿಯನ್ನು ಸೀಗೆಪುಡಿ ಹಾಕಿ ತೊಳೆದಳು, ಬಂಡೆಯ ಮೇಲೆ ಒಣಗಿಸಿದಳು, ಮತ್ತೆ ತೊಳೆದಳು. ನನ್ನ ತಲೆಗೂ ಅಂಥ ಆರೈಕೆ ಎಂದೂ ಸಿಕ್ಕಿಲ್ಲ.

ಯುಗಾದಿಯ ಮುಂಚಿನ ಭಾನುವಾರ ಲೋಡು ಹೊರಟಿತು. ಮಂಕ್ರಿಗಳನ್ನು ಏರಿಸಿ, ಗಾಡಿಯ ಬೆನ್ನಿಗೆ ಕೂರಿಸಿದ ಕಬ್ಬಿಣದ ಕಮಾನಿನ ಮೇಲೆ ಕಂಬಳಿ ಎಳೆದು ಕಟ್ಟಲು ಬಂದವರೆಲ್ಲ ಚಪ್ಪಲಿ ಬಿಟ್ಟರು. ಗಾಡಿಯ ಪಕ್ಕ ಚಪ್ಪಲಿಗಳ ಸಾಲು ಕಂಡು ದಾರಿಹೋಕ ಅಜ್ಜಿಯೊಬ್ಬಳು ನಿಂತು, ಯಾವ ದೇವರೆಂದು ಕೇಳದೆಯೇ ಪಿಕಪ್ಪಿಗೆ ಕೈಮುಗಿದು ಹೋದಳು. ಕಂಬಳಿಗೆ ನೀರು ಹನಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊರಟಗೆರೆಯಲ್ಲಿ ಅದು ಸುಲಭವಾಗಿತ್ತು. ಮಧುಗಿರಿಗೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಬೆಟ್ಟ ಕಾದ ಹೆಂಚಿನ ಹಾಗೆ ನಿಂತಿತ್ತು. ಬರಿಗಾಲಿನಲ್ಲಿ ಗಾಡಿಯ ಕಾದ ತಗಡಿನ ಮೇಲೆ ನಿಂತರೆ ಯಾವ ಮೇಷ್ಟ್ರಿಗೂ ಗಾಂಭೀರ್ಯ ಉಳಿಯುವುದಿಲ್ಲ. ಒಂದು ಕಾಲೆತ್ತಿ, ಇನ್ನೊಂದು ಕಾಲೆತ್ತಿ ಕುಣಿಯುತ್ತಾ ನಾನು ಬಿಂದಿಗೆಯಿಂದ ನೀರು ಸುರಿಯುತ್ತಿರುವಾಗ, ನನ್ನ ಹಳೆಯ ವಿದ್ಯಾರ್ಥಿ, ಈಗ ಆಟೋ ಓಡಿಸುವವನು, ಪಕ್ಕದಲ್ಲಿ ನಿಲ್ಲಿಸಿ ಕೇಳಿದ: "ಸಾರ್, ಗಾಡಿಗೆ ಅಭಿಷೇಕನಾ?" ಹೌದಪ್ಪಾ ಅಂದೆ. ಬೇರೆ ಏನು ಹೇಳಲಿ?

ಅಲ್ಲಿಂದ ಮುಂದೆ ಅವಳು ಗಾಡಿಯ ವೇಗ ಏರಿಸಿದಳು. ಉದ್ದಕ್ಕೂ ರಸ್ತೆಯ ಮೇಲೆ ಬಿಸಿಲು ಕುದಿಯುತ್ತಿತ್ತು. ನಾನು ಗಣಿತದ ಮೇಷ್ಟ್ರನ್ನೂ ಮರೆತೆ, ಸುಟ್ಟ ಅಂಗಾಲನ್ನೂ ಮರೆತೆ. ಬೆಳಗ್ಗೆ ಮಂಕ್ರಿ ಕೊಟ್ಟು ಕೈ ಒರೆಸಿಕೊಂಡ ಹೆಂಗಸರ ಮುಖಗಳೇ ಕಣ್ಣ ಮುಂದಿದ್ದವು. ಈ ಹೂವು ಬಾಡಿದರೆ ಇವಳು ಅವರ ಎದುರು ಹೇಗೆ ನಿಲ್ಲುತ್ತಾಳೆ ಅನ್ನುವುದೊಂದೇ ಚಿಂತೆ.

ಪಾವಗಡದಲ್ಲಿ ನರಸಿಂಹುಲು ತಾನೇ ಹಗ್ಗ ಬಿಚ್ಚಿದ. ಮೇಲಿನ ಹೂವನ್ನು ಅವನು ಮುಟ್ಟಲೂ ಇಲ್ಲ. ತೋಳು ಮಡಿಸಿ, ಮಂಕ್ರಿಯ ತಳದವರೆಗೆ ಕೈ ಇಳಿಸಿ ಒಂದು ಹಿಡಿ ಕಾಕಡ ತೆಗೆದು ಮೂಗಿಗೆ ಹಿಡಿದ. ನಾನು ಕುರಿಗಳನ್ನೆಲ್ಲ ನೆನೆದು ಕಣ್ಣು ಮುಚ್ಚಿದೆ.

"ಏಮಮ್ಮಾ, ನಿಜ ಚೆಪ್ಪು. ಕೊಳಾಲದ ಹೂವಾ ಇದು? ಇಲ್ಲೇ ಎಲ್ಲೋ ಪಕ್ಕದ ತೋಟದಲ್ಲಿ ಕಿತ್ಕೊಂಡು ಬಂದಿಲ್ಲ ತಾನೇ?"

ಗಂಗರತ್ನ ಇನ್ನೊಂದು ಮಂಕ್ರಿಯನ್ನು ಅವನ ಮುಂದೆ ಸರಿಸಿದಳು. ಅದೂ ಹಾಗೇ ಇತ್ತು, ಮತ್ತೊಂದೂ ಹಾಗೇ ಇತ್ತು. ನರಸಿಂಹುಲು ಕೈ ಒರೆಸಿಕೊಂಡು, "ಮೇಷ್ಟ್ರೇ, ನಾಳೆಯಿಂದ ದಿನಾ ಗಾಡಿ ಕಳ್ಸಿ" ಎಂದು ನನಗೆ ಹೇಳಿದ. "ನನ್ನನ್ನಲ್ಲಪ್ಪಾ, ಅವರನ್ನ ಕೇಳಿ" ಅಂದೆ. ಅವನು ಕೇಳಿದ. ಅವಳು ಸ್ವಲ್ಪ ಯೋಚಿಸಿದಂತೆ ಮಾಡಿ, "ಬತ್ತೀನಿ ಬುಡಿ" ಅಂದಳು. ಊರಿಗೆ ಫೋನು ಮಾಡಿ "ಅಂಗೇ ಅವೆ ಕಣ್ರಮ್ಮಾ, ಕಿತ್ತಾಗ ಹೆಂಗಿದ್ವೋ ಅಂಗೇ" ಎನ್ನುವಾಗ ಮಾತ್ರ ಅವಳ ದನಿ ನಡುಗಿತು. ನಾನು ಬೇರೆ ಕಡೆ ತಿರುಗಿಕೊಂಡೆ. ನನ್ನ ಕಣ್ಣಲ್ಲೂ ನೀರಿತ್ತು.

ವಾಪಸು ಬರುವಾಗ ಮಿಡಿಗೇಶಿಯಲ್ಲಿ ಟೀಗೆ ನಿಲ್ಲಿಸಿದೆವು. ತಲೆಗೆ ಟವೆಲು ಸುತ್ತಿದ ಒಬ್ಬ ನಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದು, ನನ್ನ ಹತ್ತಿರ ನಿಂತ.

"ಏನ್ ಸ್ವಾಮಿ ಒಳಗೆ, ಕುರಿನಾ?"

"ಹೂವು" ಅಂದೆ.

ಆತ ಕಂಬಳಿಯ ಅಂಚೆತ್ತಿ ಇಣುಕಿದ. "ಏನೂ ಇಲ್ವಲ್ಲ?"

"ನಾಳೆ ಮಧ್ಯಾಹ್ನ ಇಲ್ಲೇ ನಿಂತಿರಿ. ನಮ್ಮ ಯಜಮಾನ್ರು ಗಾಡಿ ತುಂಬ ಹೂವು ತಗೊಂಡು ಹೋಗ್ತಾರೆ, ನೋಡೋರಂತೆ."

ಆತ ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ಯಜಮಾನರನ್ನು ಹುಡುಕತೊಡಗಿದ. ಅಷ್ಟರಲ್ಲಿ ಯಜಮಾನರು ಟೀ ಲೋಟ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಡ್ರೈವರ್ ಸೀಟಿಗೆ ಹತ್ತಿ, ಹಾರನ್ ಒತ್ತಿದರು. ನಾನು ಓಡಿಹೋಗಿ ಪಕ್ಕದ ಸೀಟಿನಲ್ಲಿ ಕೂತೆ.