ಹುಣಿಯ ಮೇಲಿದ್ದ ಕೆಂಪು ಅಂಗಿ

ಮೆಲ್ಕಾರಿನ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿಯ ಮೇಲ್ಗಡೆ, ಒಂದು ಫೋಟೋ ಇತ್ತು. ಗಡಾಯಿಕಲ್ಲಿನ ಕರಿಬಂಡೆ, ಅದರ ಮೇಲಿಂದ ಆಗಷ್ಟೇ ಸರಿದ ಮೋಡ, ಕೆಳಗೆ ಲಾಯಿಲದ ಕಡೆಯ ಹಣ್ಣಾಗುತ್ತಿರುವ ಭತ್ತದ ಗದ್ದೆ, ಗದ್ದೆಯ ನಡುವೆ ಸಪೂರದ ಹುಣಿ, ನಡೆದಾಡುವ ಮಣ್ಣಿನ ಬದು. ಒಂದು ನರಪಿಳ್ಳೆಯೂ ಇಲ್ಲ. ಒಂದು ಸ್ಪರ್ಧೆಯಲ್ಲಿ ಅದಕ್ಕೆ ಎರಡನೇ ಬಹುಮಾನ ಬಂದಿತ್ತು. ನಾನು ಇಟ್ಟ ಹೆಸರು 'ಏಕಾಂತ'. ಮನೆಗೆ ಬಂದವರು ಚಹಾ ಕುಡಿಯುತ್ತ "ಎಷ್ಟು ಶಾಂತಿ ಉಂಟಲ್ಲ ಇದರಲ್ಲಿ" ಎಂದರೆ, ಏನೂ ದೊಡ್ಡದಲ್ಲ ಎಂಬಂತೆ ತಲೆ ಅಲ್ಲಾಡಿಸಿ ಒಳಗೊಳಗೇ ಉಬ್ಬುತ್ತಿದ್ದೆ. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹುಣಿಯ ಮೇಲೆ ನನ್ನ ಗೆಳೆಯ ನಿಂತಿದ್ದ. ಅವನನ್ನು ಅಳಿಸಿದವನು ನಾನು. ಈಗ ಅವನು ಬದುಕಿಲ್ಲ.

ಅವನು ನರಿಕೊಂಬಿನವನು, ವಯರ್‌ಮನ್. ಒಂದನೇ ಕ್ಲಾಸಿನಿಂದ ಹತ್ತನೆಯವರೆಗೆ ನನ್ನ ಬೆಂಚಿನಲ್ಲೇ ಕೂತವನು. ಹತ್ತರಲ್ಲಿ ಗಣಿತ ಅವನಿಗೆ ಕೈಕೊಟ್ಟಿತು, ನಾನು ಅದೇ ಗಣಿತ ಕಲಿಸುವ ಹೈಸ್ಕೂಲು ಮಾಷ್ಟ್ರಾದೆ. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು 'ಮಾಷ್ಟ್ರೇ' ಎನ್ನತೊಡಗಿದ. ಅದರಲ್ಲಿ ಗೌರವ ಕಾಲುಭಾಗ, ಉಳಿದದ್ದು ತಮಾಷೆ. ಅವನಿಗೆ ಒಂದು ಹಳೆಯ ಓಮ್ನಿ ಇತ್ತು. ಹಿಂದಿನ ಸೀಟು ಕಿತ್ತು ಏಣಿ, ವಯರಿನ ಸುರುಳಿ, ಮದುವೆಮನೆಯ ಲೈಟಿನ ಮಾಲೆ ತುಂಬಿಕೊಂಡಿದ್ದ. ನಾನು ಕ್ಯಾಮೆರಾ ಕೊಂಡ ಮೇಲೆ ಭಾನುವಾರಗಳಲ್ಲಿ ಅದೇ ಓಮ್ನಿ ನನ್ನ ವಾಹನವಾಯಿತು. ನನಗೆ ಡ್ರೈವಿಂಗ್ ಬರುತ್ತಿತ್ತು, ಆದರೆ ಡ್ರೈವರ್ ಇರುವಾಗ ಯಾಕೆ ಎಂಬ ಸೋಮಾರಿತನವೂ ಇತ್ತು.

ಅವನದು ವಿಚಿತ್ರ ಮುಖ. ಇಡೀ ದಿನ ನಗುತ್ತಿದ್ದವನು ಯಾರಾದರೂ ಮೊಬೈಲು ಎತ್ತಿ ಹಿಡಿದರೆ ಸಾಕು, ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುವವನ ಹಾಗೆ ಬಿಗಿದುಕೊಳ್ಳುತ್ತಿದ್ದ. ಮದುವೆಗಳಲ್ಲಂತೂ ಫೋಟೋ ತೆಗೆಯುವ ಹೊತ್ತಿಗೆ ಏಣಿಯ ಮೇಲೆಯೇ ಇರುತ್ತಿದ್ದ. ಆ ಫೋಟೋ ತೆಗೆದ ದಿನ ಬೆಳಿಗ್ಗೆ ಬಂಟ್ವಾಳ ಪೇಟೆ ದಾಟುವಾಗ ಅವನು ಹೇಳಿದ್ದು ಇದನ್ನೇ.

"ಇವತ್ತು ನಂದೂ ಒಂದು ತೆಗಿ ಮಾರಾಯ. ಮನೆಯಲ್ಲಿ ಒಂದಾದರೂ ಸರಿಯಾದ ಫೋಟೋ ಇಲ್ಲ. ನಿನ್ನ ಆ ದೊಡ್ಡ ಕ್ಯಾಮೆರಾದಲ್ಲಿ ಆದರೂ ಮನುಷ್ಯನ ಹಾಗೆ ಕಾಣಬಹುದು."

"ತೆಗೆಯುವ, ತೆಗೆಯುವ. ಬೆಳಕು ಸರಿ ಬರಲಿ" ಎಂದೆ.

ಅವನು ಕೆಂಪು ಅಂಗಿ ಹಾಕಿದ್ದ. ಸುಮ್ಮನೆ ಕೆಂಪಲ್ಲ, ಲಾರಿಯ ಹಿಂದಿನ ದೀಪದಂಥ ಕೆಂಪು. ಎದೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಮಡಿಕೆಯ ಗೆರೆಗಳು. ಇಸ್ತ್ರಿ ಹಾಕಲಿಕ್ಕೂ ಸೋಮಾರಿತನವಾ ಎಂದು ನಾನು ಕೇಳಿದ್ದೆ. ಅವನು ನಕ್ಕು ಗೇರು ಬದಲಿಸಿದ.

ಸಿದ್ಧಕಟ್ಟೆಯಲ್ಲಿ ಬನ್ಸ್ ತಿಂದು ಮೂಡಬಿದಿರೆಗೆ ಹೋದೆವು. ಸಾವಿರ ಕಂಬದ ಬಸದಿಯ ಹೊರಮಂಟಪದಲ್ಲಿ ಬೆಳಗಿನ ಬಿಸಿಲು ಕಂಬಗಳ ಮೇಲೆ ಓರೆಯಾಗಿ ಬಿದ್ದಿತ್ತು. ನನ್ನ ಕೆಲಸದ ಕ್ರಮ ಹೀಗೆ: ಮೊದಲು ಅವನನ್ನು ಕಂಬದ ಪಕ್ಕ ನಿಲ್ಲಿಸಿ ಒಂದು ಕ್ಲಿಕ್ ಮಾಡುವುದು, ಬೆಳಕು ಹೇಗೆ ಬರುತ್ತದೆಂದು ಪರದೆಯಲ್ಲಿ ನೋಡುವುದು, ಆಮೇಲೆ "ಆಯ್ತು, ಸರಿ" ಎಂದು ಅವನನ್ನು ಆಚೆ ಕಳಿಸಿ ಕಂಬದ ಫೋಟೋ ತೆಗೆಯುವುದು. ಪರೀಕ್ಷೆಗೆ ತೆಗೆದದ್ದನ್ನು ಅಲ್ಲಿಯೇ ಡಿಲೀಟ್ ಮಾಡುತ್ತಿದ್ದೆ. ಕಾರ್ಡಿನಲ್ಲಿ ಜಾಗ ದಂಡ ಮಾಡುವುದು ನನಗಾಗದು. ಆ ಬೆಳಿಗ್ಗೆ ಹಾಗೆ ಎಷ್ಟು ಸಲ ಅವನನ್ನು ನಿಲ್ಲಿಸಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವನು ಕೂದಲು ಸರಿಮಾಡಿಕೊಂಡು ಕಾಲರ್ ಎಳೆದುಕೊಂಡು ನಿಲ್ಲುತ್ತಿದ್ದ. ಪ್ರತಿ ಸಲವೂ ನಾನು "ನಿಂದಲ್ಲ ಮಾರಾಯ, ಬೆಳಕಿನದ್ದು" ಎನ್ನುತ್ತಿದ್ದೆ.

ಒಮ್ಮೆ ಸಿಟ್ಟೂ ಬಂತು. ಅವನ ಅಂಗಿಯ ಬಣ್ಣ ಕಂಬದ ನುಣುಪಿನ ಮೇಲೆ ಕೆಂಪಗೆ ಬಿದ್ದು ಕಾಣುತ್ತಿತ್ತು. "ಈ ಬಣ್ಣ ಫೋಟೋಕ್ಕೆ ಆಗುವುದೇ ಇಲ್ಲ. ಇದನ್ನು ಹಾಕಿಕೊಂಡು ಯಾರಾದರೂ ಬರ್ತಾರಾ?" ಎಂದೆ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೇಳುವ ದನಿಯಲ್ಲೇ ಹೇಳಿದೆ. ಅವನು ತನ್ನ ಅಂಗಿಯನ್ನು ಒಮ್ಮೆ ನೋಡಿಕೊಂಡ. "ಹೌದಾ?" ಎಂದ. ಆಮೇಲೆ ಹೋಗಿ ಅಂಗಳದಲ್ಲಿ ಬಿದ್ದಿದ್ದ ಖಾಲಿ ಬಾಟಲಿ, ಚಿಪ್ಸಿನ ತೊಟ್ಟೆಗಳನ್ನೆಲ್ಲ ಹೆಕ್ಕತೊಡಗಿದ. ಅವು ನನ್ನ ಫ್ರೇಮಿಗೆ ಅಡ್ಡ ಬರುತ್ತವೆಂದು ಅವನಿಗೆ ಗೊತ್ತಿತ್ತು. ನಾನು ಹೇಳಬೇಕಾಗಿರಲಿಲ್ಲ.

ವೇಣೂರಿನಲ್ಲಿ ಬಾಹುಬಲಿಯ ಹಿಂದೆ ಆಕಾಶ ಬಿಳಿಚಿಕೊಂಡಿತ್ತು, ಅಲ್ಲಿ ಏನೂ ಆಗಲಿಲ್ಲ. "ಈಗ ನಂದು ತೆಗೀಬಹುದಲ್ಲ?" ಎಂದು ಕೇಳಿದ. ಬೆಳಕು ಸಪ್ಪೆ ಎಂದೆ. ಬೆಳ್ತಂಗಡಿಯಲ್ಲಿ ಊಟ ಮಾಡಿ ಲಾಯಿಲದ ಕಡೆ ಗದ್ದೆಯ ಬದಿಗೆ ಓಮ್ನಿ ನಿಲ್ಲಿಸಿದಾಗ ನಾಲ್ಕು ಗಂಟೆ ದಾಟಿತ್ತು. ಎದುರಿಗೆ ಇರಬೇಕಾದ ಗಡಾಯಿಕಲ್ಲು ಮೋಡದೊಳಗೆ ಅಡಗಿ ಕೂತಿತ್ತು. ಒಂದು ಗಂಟೆ ಕಾದೆವು. ಗದ್ದೆಯ ಆಚೆ ಬದಿಯ ಹುಣಿಯ ಮೇಲೆ ಯಾರೋ ಬೈಹುಲ್ಲಿಗೆ ನೀಲಿ ಟರ್ಪಾಲು ಮುಚ್ಚಿದ್ದರು.

"ಅದೊಂದು ದರಿದ್ರ" ಎಂದೆ.

"ಎಂಥ ದೊಡ್ಡ ವಿಷಯ, ಐದು ನಿಮಿಷ ಮಡಚಿ ಇಟ್ಟು ಮತ್ತೆ ಮುಚ್ಚಿದರಾಯ್ತು" ಎಂದು ಅವನು ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಹೊರಟ. ಗದ್ದೆಯ ಯಜಮಾನರನ್ನು ಕೂಗಿ ಕೇಳಿ ಒಪ್ಪಿಗೆಯನ್ನೂ ಪಡೆದ. ಟರ್ಪಾಲು ಮಡಚಿ ಹುಲ್ಲಿನ ಹಿಂದೆ ಇಟ್ಟು ಹುಣಿಯ ಮೇಲೆ ವಾಪಸು ಬರುತ್ತಿದ್ದ. ಅಷ್ಟರಲ್ಲಿ ಮೋಡ ಸರಿಯಿತು. ಇಡೀ ಬಂಡೆ ಒಮ್ಮೆಲೇ ಬಿಸಿಲಿಗೆ ಬಂತು.

"ಸರಿ, ಸರಿ, ಪಕ್ಕಕ್ಕೆ ಸರಿ!" ಎಂದು ಅರಚಿದೆ.

ಅವನು ಅವಸರದಲ್ಲಿ ಕಾಲಿಟ್ಟದ್ದು ಕೆಸರಿಗೆ. ಚಪ್ಪಲಿ ಹೂತುಹೋಯಿತು. ಒಂದು ಕಾಲು ಮೇಲೆ, ಒಂದು ಕಾಲು ಕೆಸರಿನಲ್ಲಿ, ಎರಡೂ ಕೈ ಎತ್ತಿ ತೂಗಾಡುತ್ತ ನನ್ನ ಕಡೆ ತಿರುಗಿ ನಕ್ಕ. ತನ್ನ ಪಜೀತಿಗೆ ತಾನೇ ಬಾಯಿತುಂಬ ನಕ್ಕ. ಮೋಡ ಮತ್ತೆ ಮುಚ್ಚುವುದರಲ್ಲಿತ್ತು. ನಾನು ಕ್ಲಿಕ್ ಮಾಡಿದೆ. ಸಿಕ್ಕಿದ್ದು ಅದೊಂದೇ. ಬಂಡೆ ಮತ್ತೆ ಮಾಯವಾಯಿತು, ಆಮೇಲೆ ಮಳೆ ಹನಿಯಿತು. ವಾಪಸು ಬರುವಾಗ ಪುಂಜಾಲಕಟ್ಟೆಯವರೆಗೂ ನಾನು ಅವನೊಡನೆ ಮಾತಾಡಲಿಲ್ಲ. ದಿನವೆಲ್ಲ ಕಾದದ್ದನ್ನು ಹಾಳುಮಾಡಿದನೆಂಬ ಸಿಟ್ಟು. ಹೊರಡುವ ಮೊದಲು ಅವನು ಆ ಟರ್ಪಾಲನ್ನು ಮತ್ತೆ ಮುಚ್ಚಿ ಬಂದಿದ್ದ ಎಂಬುದು ಕೂಡ ನನಗೆ ತಡಮಾಡಿದ ಹಾಗೆಯೇ ಕಂಡಿತ್ತು.

ಮುಂದಿನ ಭಾನುವಾರ ಅವನು ನಮ್ಮ ಮನೆಗೆ ಬಂದ. ನಾನು ಕಂಪ್ಯೂಟರಿನಲ್ಲಿ ಅದೇ ಫೋಟೋ ತೆರೆದು ಕೂತಿದ್ದೆ. "ನಿನ್ನನ್ನು ತೆಗೆದರೆ ಇದು ಸ್ಪರ್ಧೆಗೆ ಆಗ್ತದೆ" ಎಂದೆ. "ತೆಗೆಯಲಿಕ್ಕೆ ಆಗ್ತದಾ?" ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಸುತ್ತಲಿನ ಪೈರನ್ನು ನಕಲು ಮಾಡಿ ಅವನ ಮೇಲೆ ಮುಚ್ಚುತ್ತ ಬಂದೆ. ಮೊದಲು ಕೆಂಪು ಅಂಗಿ, ಆಮೇಲೆ ಎತ್ತಿದ ಕೈಗಳು, ಆಮೇಲೆ ಮುಖ. ಅವನು ಆಟ ನೋಡುವ ಹಾಗೆ ನೋಡುತ್ತಿದ್ದ. ಮುಗಿಯಿತು ಎಂದಾಗ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ನನ್ನ ಕಾಲು ಉಳಿದಿದೆ ಮಾಷ್ಟ್ರೇ, ಅದನ್ನೂ ತೆಗಿ" ಎಂದ. ತೆಗೆದೆ. ಹೆಸರು ಏನಿಡುವುದೆಂದು ಯೋಚಿಸಿ 'ಏಕಾಂತ' ಎಂದು ಬರೆದೆ. "ಏಕಾಂತ ಎಂಥದ್ದು? ನಾನಿದ್ದೆನಲ್ಲ!" ಎಂದು ಮನೆ ಹಾರಿಹೋಗುವ ಹಾಗೆ ನಕ್ಕ. ಒಳಗಿಂದ ನನ್ನ ಹೆಂಡತಿ ಏನಾಯಿತೆಂದು ಬಂದು ಕೇಳಿದಳು. ನಾನೂ ನಕ್ಕೆ. ನಗುತ್ತಲೇ ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಬೇರೆ ಪ್ರತಿ ಇಡಲಿಲ್ಲ. ಕಾರ್ಡನ್ನು ಆಗಲೇ ಖಾಲಿ ಮಾಡಿಯಾಗಿತ್ತು.

ಎರಡು ವರ್ಷದ ಬಳಿಕ ಒಂದು ಮಧ್ಯಾಹ್ನ ಅವನಿಗೆ ಎದೆನೋವು ಕಾಣಿಸಿತು. ಮಂಗಳೂರಿಗೆ ಕರೆದುಕೊಂಡು ಹೋಗುವಾಗ ಫರಂಗಿಪೇಟೆ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಉತ್ತರಕ್ರಿಯೆಯ ದಿನ ಅಂಗಳದ ಚಪ್ಪರದಲ್ಲಿ ಬಿಳಿ ಬಟ್ಟೆ ಹಾಸಿದ ಕುರ್ಚಿಯ ಮೇಲೆ ಅವನ ಫೋಟೋ ಇಟ್ಟಿದ್ದರು. ಬಂದವರು ಹೂ ಹಾಕಿ ಕೈಮುಗಿದು ಸರಿಯಬೇಕು, ನಮ್ಮಲ್ಲಿ ಅದೇ ಕ್ರಮ. ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿಸಿದ್ದರು. ಕಣ್ಣು ಅಗಲ, ಬಾಯಿ ಬಿಗಿ, ಕೆನ್ನೆಯ ಮೇಲೆ ಕಂಪ್ಯೂಟರಿನ ಚೌಕಗಳು. ನನ್ನ ಮುಂದಿದ್ದ ಹೆಂಗಸು ಹೂ ಹಾಕಿ "ಇದು ಅವನ ಹಾಗೆ ಇಲ್ಲವೇ ಇಲ್ಲ" ಎಂದು ಅತ್ತರು. ಆ ಕುರ್ಚಿಯ ಎದುರು ನಿಂತಾಗ ನನಗೆ ಕಂಡದ್ದು ಆ ಮುಖವಲ್ಲ, ಕೆಸರಿನಲ್ಲಿ ಕೈ ಎತ್ತಿ ನಗುತ್ತಿದ್ದ ಮುಖ. ಪರದೆಯಲ್ಲಿ ಅದರ ಮೇಲೆ ಪೈರು ಹಬ್ಬಿಸಿದ್ದು ನನ್ನದೇ ಕೈ.

ಊಟ ಮುಗಿದ ಮೇಲೆ ಅವನ ಹೆಂಡತಿ ಬಂದು ಕೇಳಿದಳು. "ಮಾಷ್ಟ್ರೇ, ನೀವಿಬ್ಬರು ಅಷ್ಟು ಕಡೆ ಹೋಗಿದ್ದೀರಲ್ಲ. ನಿಮ್ಮ ಹತ್ರ ಅವರದ್ದು ಒಂದಾದರೂ ನಗುವ ಫೋಟೋ ಉಂಟಾ?"

"ಇತ್ತು" ಎಂದೆ. "ಕ್ಯಾಮೆರಾದ ಕಾರ್ಡು ಹಾಳಾಯಿತು."

ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಕಲು ಹೊಡೆದ ಹುಡುಗರನ್ನು ಹತ್ತು ಪ್ರಶ್ನೆ ಕೇಳಿ ಹಿಡಿಯುವವನು ನಾನು. ಆ ಹೆಂಗಸು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಪಾಪ, ನಿಮಗೂ ಬೇಜಾರಾಗಿರಬೇಕು" ಎಂದು ನನಗೇ ಸಮಾಧಾನ ಹೇಳಿದಳು.

ಆಮೇಲೆ ನಾನು ನರಿಕೊಂಬಿನ ದಾರಿ ಹಿಡಿಯುವುದನ್ನೇ ಬಿಟ್ಟೆ. ಶಾಲೆ, ಪರೀಕ್ಷೆ, ಮೌಲ್ಯಮಾಪನ ಎಂದು ಕಾರಣಗಳಿಗೇನು ಬರ. ಅವನ ವರ್ಷಾಂತಕ್ಕೆ ಹದಿನೈದು ದಿನವಿದೆ ಎನ್ನುವಾಗ ಅವನ ಹೆಂಡತಿಯೇ ಫೋನು ಮಾಡಿದಳು. ಪೇಪರಿನಲ್ಲಿ ಪುಣ್ಯಸ್ಮರಣೆ ಹಾಕಿಸಬೇಕಂತೆ, ಆಧಾರಿನ ಮುಖ ಬೇಡವಂತೆ. "ಹಾಳಾದ ಕಾರ್ಡಿನಿಂದ ಫೋಟೋ ತೆಗೆದು ಕೊಡುವವರು ಮಂಗಳೂರಲ್ಲಿ ಇದ್ದಾರಂತೆ ಮಾಷ್ಟ್ರೇ. ನಾನು ವಿಚಾರಿಸಿದೆ. ಆ ಕಾರ್ಡು ಒಂದು ಸಲ ಕೊಡ್ತೀರಾ? ಬಂದರೆ ಬಂತು."

ಕೊಡುತ್ತೇನೆ ಎಂದೆ. ಫೋನಿಟ್ಟು ಡ್ರಾಯರ್ ಎಳೆದೆ. ಯಾವುದೋ ಹಳೆಯ ಕಾರ್ಡು ಸಿಕ್ಕಿತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಬಗ್ಗಿಸಿಯೂ ನೋಡಿದೆ, ನಿಜವಾಗಿ ಹಾಳಾದದ್ದೆಂದು ಕಾಣಲಿ ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಆ ಹೆಂಗಸು ಬಸ್ಸು ಹತ್ತಿ ಮಂಗಳೂರಿಗೆ ಹೋಗಿ, ಅಂಗಡಿಯವನ ಮುಂದೆ ಆಸೆಯಿಂದ ಕೂತಿರುವುದು ಕಣ್ಣಿಗೆ ಕಟ್ಟಿತು. ಕಾರ್ಡನ್ನು ಅಲ್ಲೇ ಬಿಟ್ಟು, ಸ್ಟೂಲು ಹತ್ತಿ ಗೋಡೆಯ ಮೇಲಿನ 'ಏಕಾಂತ'ವನ್ನು ಇಳಿಸಿದೆ. ಬೆಡ್‌ಶೀಟಿನಲ್ಲಿ ಸುತ್ತಿ ಸ್ಕೂಟರಿನ ಕಾಲಿನ ಜಾಗದಲ್ಲಿ ನಿಲ್ಲಿಸಿಕೊಂಡು ನರಿಕೊಂಬಿಗೆ ಹೊರಟೆ.

ಅವಳು ಜಗಲಿಯಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತದೆ. ನಿಂತೇ ಎಲ್ಲ ಹೇಳಿದೆ. ಕಾರ್ಡು ಹಾಳಾಗಿರಲಿಲ್ಲ. ಫೋಟೋ ಇತ್ತು. ಅದು ನಗುವ ಫೋಟೋವೇ. ಬಹುಮಾನಕ್ಕಾಗಿ ನಾನೇ ಅವನನ್ನು ಅಳಿಸಿದೆ. ಈಗ ಯಾರಿಂದಲೂ ತರಿಸಲಾಗುವುದಿಲ್ಲ.

ಅವಳ ಬೆರಳುಗಳು ಕಟ್ಟುತ್ತಲೇ ಇದ್ದವು. ಆ ಬೀಡಿ ಸುರುಟಿ, ಅದರ ಬಾಯಿ ಮಡಚಿ, ನೂಲು ಸುತ್ತಿ, ಮೊರವನ್ನು ಪಕ್ಕಕ್ಕಿಟ್ಟಳು. ಫೋಟೋವನ್ನು ಗೋಡೆಗೆ ಒರಗಿಸಿ ಎದುರು ಕೂತಳು.

"ಎಲ್ಲಿ ನಿಂತಿದ್ದರು?"

ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. "ಇಲ್ಲಿ. ಒಂದು ಕಾಲು ಕೆಸರಿನಲ್ಲಿತ್ತು. ಕೈ ಹೀಗೆ ಎತ್ತಿದ್ದ."

ಅವಳು ಸೆರಗಿನ ತುದಿಯಿಂದ ಅಲ್ಲಿ ಮಾತ್ರ ಗಾಜನ್ನು ಒರೆಸಿದಳು. ಬೈಯುತ್ತಾಳೆಂದು ಕಾಯುತ್ತಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಕೆಂಪು ಅಂಗಿಯಲ್ವಾ ಹಾಕಿದ್ದು?"

"ಹೌದು."

"ಅದು ಹೊಸತು ಮಾಷ್ಟ್ರೇ. ಹಿಂದಿನ ದಿನ ಬಿ.ಸಿ.ರೋಡಿಗೆ ಹೋಗಿ ತಂದದ್ದು. ಪ್ರಾಯ ಎಷ್ಟಾಯ್ತು, ಇಷ್ಟು ಕೆಂಪು ಯಾಕೆ ಅಂತ ನಾನು ಬೈದೆ. ನಾಳೆ ಮಾಷ್ಟ್ರು ನನ್ನ ಫೋಟೋ ತೆಗೀತಾರೆ, ಆ ಕಲ್ಲು, ಹಸಿರು ಎಲ್ಲದರ ಮಧ್ಯೆ ನಾನು ಎದ್ದು ಕಾಣ್ಬೇಕಲ್ಲ ಅಂದರು. ಇಸ್ತ್ರಿ ಹಾಕಿ ಕೊಡ್ತೇನೆ ಅಂದರೂ ಕೇಳಲಿಲ್ಲ. ಮಡಿಕೆ ಇದ್ದರೆ ಹೊಸತು ಅಂತ ಗೊತ್ತಾಗ್ತದಂತೆ."

ಜಗಲಿಯ ಮೆಟ್ಟಿಲ ಮೇಲೆಯೇ ಕೂತೆ.

"ಆಮೇಲೆ ಒಂದು ದಿನವೂ ಅದನ್ನು ಹಾಕಲಿಲ್ಲ. ಕಪಾಟಿನಲ್ಲಿ ಹಾಗೆಯೇ ಉಂಟು. ಯಾಕೆ ಅಂತ ಕೇಳಿದ್ದಕ್ಕೆ, ಆ ಬಣ್ಣ ಫೋಟೋಕ್ಕೆ ಆಗುವುದೇ ಇಲ್ಲವಂತೆ ಅಂದರು." ಅವಳು ಫೋಟೋದಿಂದ ಕಣ್ಣು ತೆಗೆದು ಮೊದಲ ಸಲ ನನ್ನ ಕಡೆ ನೋಡಿದಳು. "ಯಾರು ಹೇಳಿದ್ದು ಮಾಷ್ಟ್ರೇ, ನೀವಾ?"

"ಹೌದು, ನಾನೇ" ಎಂದೆ.