ಆಮೆ ಕೇರಿಯ ಕೊಡೆ

ಊರು ತೋರಿಸುವುದು ನನ್ನ ಹೊಟ್ಟೆಪಾಡು. ಬೆಳಗಾದರೆ ಬಸ್ಸಿಳಿದು ಬರುವ ಪರಊರಿನವರ ಮುಂದೆ ನಡೆದು, ಸಿಯೆನಾದ ಒಂದೊಂದು ಕಲ್ಲಿಗೂ ಒಂದೊಂದು ಕಥೆ ಹೇಳಿ ಗಂಟಲು ಒಣಗಿಸಿಕೊಳ್ಳುವವಳು ನಾನು. ಆದರೆ ಆ ಮೇ ತಿಂಗಳ ಬೆಳಿಗ್ಗೆ ಚೌಕದ ಕಾರಂಜಿಯ ಹತ್ತಿರ ನನಗಾಗಿ ಕಾಯುತ್ತಿದ್ದ ಪ್ರವಾಸಿಗರನ್ನು ನೋಡಿ ನನ್ನ ಬಾಯಿ ಕಟ್ಟಿಹೋಯಿತು. ಇಸ್ತ್ರಿ ಅಂಗಡಿಯ ಎರ್ಸಿಲಿಯಾ, ಪಕ್ಕದ ಗಾಲಿಕುರ್ಚಿಯಲ್ಲಿ ಅವಳ ಗಂಡ ಗಲ್ಗಾನೊ. ಇಬ್ಬರೂ ಈ ಊರಲ್ಲೇ ಹುಟ್ಟಿ ಈ ಊರಲ್ಲೇ ಹಲ್ಲು ಉದುರಿಸಿಕೊಂಡವರು. ಇವರಿಗೆ ನಾನು ಏನು ತೋರಿಸಲಿ, ನನ್ನ ತಲೆ?

ಆದದ್ದು ಇಷ್ಟೇ. ಆಂಬುಲೆನ್ಸ್ ಸಂಘದವರು ಈಸ್ಟರ್ ಹಬ್ಬಕ್ಕೆ ಲಾಟರಿ ಎತ್ತಿದ್ದರು. ಮೊದಲ ಬಹುಮಾನ ಉಪ್ಪು ಹಾಕಿ ಒಣಗಿಸಿದ ಒಂದಿಡೀ ಹಂದಿ ತೊಡೆ. ಎರಡನೆಯದು ದಂಪತಿಗಳಿಗೆ ಚಾರಿತ್ರಿಕ ನಗರದಲ್ಲಿ ಒಂದು ದಿನದ ಸುತ್ತಾಟ, ಗೈಡು ಮತ್ತು ಊಟ ಸಮೇತ. ಎರ್ಸಿಲಿಯಾ ಚೀಟಿ ಕೊಂಡದ್ದು ತೊಡೆಯ ಆಸೆಗೆ. ಸಿಕ್ಕಿದ್ದು ಸುತ್ತಾಟ. ವೆನಿಸೋ ರೋಮೋ ಇರಬೇಕೆಂದು ಹೋಗಿ ವಿಚಾರಿಸಿದರೆ, ಆ ಚಾರಿತ್ರಿಕ ನಗರ ಇದೇ ನಮ್ಮ ಸಿಯೆನಾ. ಹೊರಗಿನಿಂದ ಬಂದವರು ಯಾರಾದರೂ ಗೆದ್ದಾರು ಅಂದುಕೊಂಡಿದ್ದೆವು, ಬೇಡವಾದರೆ ಬಾದಾಮಿ ಬಿಸ್ಕತ್ತಿನ ಡಬ್ಬಿ ಕೊಡುತ್ತೇವೆ ಅಂದರಂತೆ. ಬೇರೆ ಯಾರೇ ಆಗಿದ್ದರೂ ಡಬ್ಬಿ ಬಗಲಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಈಕೆ ಮಾತ್ರ ಸುತ್ತಾಟವೇ ಬೇಕು ಅಂತ ಪಟ್ಟು ಹಿಡಿದಳಂತೆ.

ಯಾಕೆ ಅಂತ ಹೇಳಬೇಕಾದರೆ ಇವರ ಮದುವೆಯಿಂದಲೇ ಶುರುಮಾಡಬೇಕು. ನಮ್ಮೂರಲ್ಲಿ ಮನುಷ್ಯ ಮೊದಲು ಕೇರಿಯವನು, ಆಮೇಲೆ ಅಪ್ಪ ಅಮ್ಮನ ಮಗ. ಕೇರಿಯ ಕಾರಂಜಿಯ ನೀರು ಕೂಸಿನ ನೆತ್ತಿಗೆ ಬಿತ್ತೆಂದರೆ ಮುಗಿಯಿತು, ಸಾಯುವ ತನಕ ಆ ಕೇರಿಯ ಬಣ್ಣವೇ ಅದರ ಬಣ್ಣ. ಬೇಸಿಗೆಯಲ್ಲಿ ಚೌಕದ ಸುತ್ತ ಕೇರಿಕೇರಿಯ ಕುದುರೆಗಳು ಓಡುವ ದಿನಗಳಲ್ಲಂತೂ ಕೇಳುವುದೇ ಬೇಡ. ನಾನು ಜಿರಾಫೆ ಕೇರಿಯವಳು. ನಮಗೆ ಹಗೆಯ ಕೇರಿ ಅಂತ ಒಂದಿಲ್ಲ, ಅದಕ್ಕೇ ಉಳಿದವರೆಲ್ಲ ನಮ್ಮನ್ನು ಪಾಪ ಅನ್ನುತ್ತಾರೆ. ಎರ್ಸಿಲಿಯಾ ಆಮೆ ಕೇರಿಯವಳು, ಗಲ್ಗಾನೊ ಬಸವನಹುಳುವಿನ ಕೇರಿಯವನು. ಕುದುರೆ ಪಂದ್ಯದಲ್ಲಿ ಆಮೆಗೂ ಬಸವನಹುಳುವಿಗೂ ತಲೆಮಾರುಗಳ ಹಗೆ. ನಗಬೇಡಿ. ಇಲ್ಲಿ ಯಾರೂ ನಗುವುದಿಲ್ಲ.

ತಾನು ಕಟ್ಟಿಕೊಳ್ಳುವುದು ಗಂಡಸನ್ನೇ ಹೊರತು ಅವನ ಕೇರಿಯನ್ನಲ್ಲ, ಸಾನ್ ಮಾರ್ಕೊ ಬೀದಿಗೆ ಒಂದು ಕಾಲೂ ಇಡುವುದಿಲ್ಲ ಅಂತ ಎರ್ಸಿಲಿಯಾ ಅಪ್ಪನಿಗೆ ಆಣೆ ಮಾಡಿ ಮದುವೆಯಾದಳು. ಸಾನ್ ಮಾರ್ಕೊ ಅಂದರೆ ಬಸವನಹುಳುವಿನವರ ಬೀದಿ. ಇಬ್ಬರೂ ಕೋಟೆಗೋಡೆಯ ಆಚೆ, ಯಾವ ಕೇರಿಗೂ ಸೇರದ ಕಡೆ ಮನೆ ಮಾಡಿದರು. ಪಂದ್ಯದ ದಿನ ಬಂತೆಂದರೆ ಆಕೆ ಚೀಲ ಹಿಡಿದು ಆಮೆ ಕೇರಿಯ ಅಣ್ಣನ ಮನೆಗೆ, ಆತ ತನ್ನ ಕೇರಿಗೆ. ಪಂದ್ಯ ಮುಗಿದ ಮೇಲೆ ಮನೆಗೆ ಬಂದು ಒಂದು ಹೊತ್ತು ಮುಖ ಊದಿಸಿಕೊಂಡು, ಆಮೇಲೆ ಒಟ್ಟಿಗೆ ಕೂತು ಊಟ. ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಹಾಗೆ ಬಾಳುವ ಜೋಡಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಆದರೆ ಒಂದು ವಿಷಯ ನನ್ನ ಕಣ್ಣಾರೆ ಕಂಡದ್ದು. ಪಂದ್ಯದ ಹಿಂದಿನ ವಾರ ನನ್ನ ಅಂಗಿಗಳನ್ನು ಕೊಡಲು ಅಂಗಡಿಗೆ ಹೋದಾಗಲೆಲ್ಲ ಎರ್ಸಿಲಿಯಾ ಗಲ್ಗಾನೊನ ಕೊರಳ ರುಮಾಲಿಗೆ ಇಸ್ತ್ರಿ ಹಾಕುತ್ತಿರುತ್ತಿದ್ದಳು. ಬಸವನಹುಳುವಿನ ಕೆಂಪು ಹಳದಿ ರೇಷ್ಮೆಯದು. ಅದರ ಮೇಲೊಂದು ಬಿಳಿ ಬಟ್ಟೆ ಹಾಸಿ, ಆ ಬಟ್ಟೆಯಲ್ಲೇ ಹಿಡಿದು, ಬಟ್ಟೆಯಲ್ಲೇ ತಿರುಗಿಸಿ, ಮಡಚುವುದೂ ಬಟ್ಟೆಯ ಮೇಲಿಂದಲೇ. ಬರಿಗೈಯಿಂದ ಮುಟ್ಟಿಲ್ಲ ನೋಡು ಅಂತ ನನ್ನನ್ನೇ ಸಾಕ್ಷಿ ಮಾಡುತ್ತಿದ್ದಳು. ಅಷ್ಟಾದರೂ ಅಂಥ ಮಡಿಕೆ ಬಿಷಪ್ಪನ ನಿಲುವಂಗಿಗೂ ಬೀಳುತ್ತಿರಲಿಲ್ಲ.

ಮೂರು ಚಳಿಗಾಲದ ಹಿಂದೆ ಗಲ್ಗಾನೊಗೆ ಪಾರ್ಶ್ವವಾಯು ಹೊಡೆಯಿತು. ಮಾತು ತಡವಾಗಿಯಾದರೂ ಮರಳಿತು, ಬಲಗಾಲು ಮರಳಲಿಲ್ಲ. ಅಂದಿನಿಂದ ಕುರ್ಚಿ ತಳ್ಳುವುದಕ್ಕೆ, ಮೈ ಒರೆಸುವುದಕ್ಕೆ ಹೆಂಡತಿಯನ್ನು ಬಿಟ್ಟು ಬೇರೊಬ್ಬರ ಕೈ ಸೋಕಗೊಡುವುದಿಲ್ಲ. ಅವನ ಕೇರಿಯವರು ವ್ಯಾನು ತಂದು ಎಷ್ಟೋ ಸಲ ಕರೆದರು. ಮೂಟೆಯ ಹಾಗೆ ಇಳಿಸಿಕೊಳ್ಳಲು ನಾನು ಬರಲಾರೆ ಅಂದ. ಎರಡು ಬೇಸಿಗೆ ರುಮಾಲನ್ನು ಮಂಡಿಯ ಮೇಲಿಟ್ಟುಕೊಂಡು ಟೀವಿಯಲ್ಲಿ ಪಂದ್ಯ ನೋಡಿದ. ಸಾಯುವುದರೊಳಗೆ ತನ್ನ ಕೇರಿಯ ಕಾರಂಜಿಯ ನೀರು ಒಂದು ಸಲ ಕುಡಿಯಬೇಕು ಅಂತ ಒಂದೇ ಒಂದು ಬಾರಿ ಅಂದನಂತೆ. ಕರೆದುಕೊಂಡು ಹೋಗಬಹುದಾದ ಕೈ ಒಂದೇ, ಆ ಕೈಯವಳ ಕಾಲಿಗೆ ಅಪ್ಪನ ಆಣೆ.

ಈಗ ಆ ಬೆಳಿಗ್ಗೆಗೆ ಬರುತ್ತೇನೆ. ಎರ್ಸಿಲಿಯಾ ಮೊರದಗಲದ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕಾ ಪ್ರವಾಸಿಗಳ ವೇಷದಲ್ಲಿದ್ದಳು. ಅಣಬೆಯ ಹಾಗೆ ಕಾಣುತ್ತಾಳೆ ಅಂತ ಗಲ್ಗಾನೊ ಗೊಣಗುತ್ತಿದ್ದ. ಆಕೆ ನನ್ನನ್ನು ಬದಿಗೆ ಎಳೆದಳು.

"ಪರಊರಿನವ್ರಿಗೆ ಏನೇನು ತೋರಿಸ್ತೀಯೇ, ಒರ್ನೆಲ್ಲಾ?"

ಎಲ್ಲವನ್ನೂ ಅಂದೆ.

"ಸಾನ್ ಮಾರ್ಕೊ ಬೀದೀನೂ?"

"ಕೇಳಿದ್ರೆ ತೋರಿಸ್ತೀನಿ, ಸಿನ್ಯೋರಾ."

"ನಾನೆಲ್ಲಿ ಕೇಳ್ದೆ? ನಾನು ಕೇಳ್ಲಿಲ್ಲ." ಕನ್ನಡಕ ಸರಿಮಾಡಿಕೊಂಡಳು. "ಗೈಡು ಮುಂದೆ ಹೋದ್ರೆ ಟೂರಿಸ್ಟು ಹಿಂದೆ ಹೋಗ್ಲೇಬೇಕು. ಅದು ನಿಯಮ. ನಮ್ಮಪ್ಪ ಮೇಲಿಂದ ನೋಡ್ತಿದ್ರೆ ಬೈಕೊಳ್ಳೋದು ನಿನ್ನ."

ಬಿಸ್ಕತ್ತಿನ ಡಬ್ಬಿ ಯಾಕೆ ಬೇಡವಾಯಿತು ಅಂತ ಆಗ ನನಗೆ ಗೊತ್ತಾಯಿತು. ಸತ್ತವರ ಬೈಗುಳ ತಿನ್ನಲು ನನಗೆ ಸಂಘದವರು ಸಂಬಳ ಕೊಡುತ್ತಾರಾ ಅಂತ ಕೇಳಬೇಕೆನ್ನಿಸಿತು. ಆದರೆ ಆಕೆಯ ಕೈ ಕುರ್ಚಿಯ ಹಿಡಿಯನ್ನು ಹಿಡಿದಿದ್ದ ರೀತಿ ನೋಡಿ ಮುಂದೆ ಹೆಜ್ಜೆ ಹಾಕಿದೆ.

ಅವಸರ ಮಾಡಬೇಡ, ಕಾಸಿಲ್ಲದೆ ಬಂದ ಸುತ್ತಾಟ ಪೂರ್ತಿ ಆಗಲಿ ಅಂದಳು. ದೊಡ್ಡ ಚರ್ಚಿಗೆ ಹೋದೆವು. ಜಗತ್ತೆಲ್ಲ ಬಂದು ಬಾಯಿಬಿಟ್ಟು ನೋಡುವ ಅಮೃತಶಿಲೆಯ ಚಿತ್ರದ ನೆಲವನ್ನು ಬಿಟ್ಟು ಆಕೆ ಪೂಜಾವೇದಿಯ ಬಟ್ಟೆಯ ಅಂಚಿನಲ್ಲಿದ್ದ ಸುಕ್ಕನ್ನು ನೋಡಿ, ಇದು ಯಾವ ಪುಣ್ಯಾತ್ಮರ ಕೈಕೆಲಸ ಅಂತ ಪಾದ್ರಿಗೆ ಕೇಳುವ ಹಾಗೇ ಹೇಳಿದಳು. ಗಲ್ಗಾನೊ ಮಾತ್ರ ತಲೆ ಎತ್ತಿ ನೀಲಿ ಛಾವಣಿಯ ನಕ್ಷತ್ರಗಳನ್ನು ನೋಡುತ್ತ ಕೂತ. ಮದುವೆಗೆ ಮುಂಚೆ ಒಮ್ಮೆ ಈಕೆಯನ್ನು ಇಲ್ಲಿಗೆ ಕರೆತಂದಿದ್ದನಂತೆ, ಕೇರಿಯವರು ಯಾರೂ ನೋಡದ ಜಾಗ ಇದೊಂದೇ ಇತ್ತಂತೆ. ಮಧ್ಯಾಹ್ನ ಪುಕ್ಕಟೆ ಊಟಕ್ಕೆ ಕೈಯಲ್ಲಿ ಹೊಸೆದ ಪೀಚಿ ಅನ್ನುವ ದಪ್ಪ ಶ್ಯಾವಿಗೆ, ಬೆಳ್ಳುಳ್ಳಿ ಟೊಮೆಟೊ ಗೊಜ್ಜು. ಇದಕ್ಕಿಂತ ನಾನೇ ಚೆನ್ನಾಗಿ ಮಾಡುತ್ತೇನೆ ಅನ್ನುತ್ತಲೇ ಆಕೆ ತಟ್ಟೆ ಒರೆಸಿ ತಿಂದಳು. ಗಂಡನ ಬಾಯಿ ಒರೆಸಿದಳು. ಆಮೇಲೆ ಎದ್ದು ನನ್ನ ಮುಖ ನೋಡಿದಳು.

ನಾನು ಮುಂದೆ ನಡೆದೆ. ಸಾನ್ ಮಾರ್ಕೊ ಬೀದಿಯ ಬಾಯಿಗೆ ಬಂದಾಗ ಹಿಂದೆ ಗಾಲಿಯ ಸದ್ದು ನಿಂತಿತು. ತಿರುಗಿದರೆ ಎರ್ಸಿಲಿಯಾ ತನ್ನ ಬೂಟುಗಳನ್ನೇ ನೋಡುತ್ತ ನಿಂತಿದ್ದಾಳೆ. ಗಲ್ಗಾನೊ ಹಿಂದಕ್ಕೆ ತಿರುಗಿ ನೋಡಲಿಲ್ಲ. ಮಡಿಲಲ್ಲಿದ್ದ ಅವನ ಕೈ ಮಾತ್ರ ಮುಷ್ಟಿ ಕಟ್ಟಿತ್ತು.

"ಗೈಡಮ್ಮಾ, ನಿಂತ್ಕೊಂಡ್ರೆ ಹೇಗೆ?" ಆಕೆ ಜೋರಾಗಿ ಅಂದಳು, ನಿಂತವಳು ನಾನೇ ಎಂಬ ಹಾಗೆ. ಗಾಲಿ ಉರುಳಿತು.

ಅರ್ಧ ಬೀದಿ ಯಾರ ತಂಟೆಯೂ ಇಲ್ಲದೆ ಸಾಗಿತು. ಟೋಪಿ, ಕನ್ನಡಕದ ಪುಣ್ಯ ಅಂದುಕೊಂಡೆ. ಅಷ್ಟರಲ್ಲಿ ಹನಿ ಶುರುವಾಯಿತು. ಗಲ್ಗಾನೊಗೆ ನೆಗಡಿಯಾದರೆ ನೇರ ಎದೆಗೆ ಇಳಿಯುತ್ತದೆ. ಎರ್ಸಿಲಿಯಾ ಹಿಂದೆಮುಂದೆ ನೋಡದೆ ಚೀಲಕ್ಕೆ ಕೈಹಾಕಿ ಕೊಡೆ ತೆಗೆದು ಅವನ ತಲೆಯ ಮೇಲೆ ಬಿಚ್ಚಿದಳು. ಹಳದಿ ನೀಲಿ ಪಟ್ಟಿ, ನಟ್ಟನಡುವೆ ಇಷ್ಟು ದಪ್ಪದ ಆಮೆ.

ಕೆಟ್ಟೆವು ಅಂದುಕೊಂಡೆ. ಕೇರಿಯ ಬಣ್ಣವನ್ನು ನಮ್ಮವರು ಚರ್ಮದ ಹಾಗೆ ಮೈಮೇಲೇ ಇಟ್ಟುಕೊಂಡಿರುತ್ತಾರೆ, ಇದೆ ಅನ್ನುವುದೇ ಮರೆತುಹೋಗಿರುತ್ತದೆ. ಬಾಗಿಲಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟರು. ಮೇಲೆ ಒಂದೊಂದೇ ಕಿಟಕಿ ತೆರೆಯಿತು. ಎರ್ಸಿಲಿಯಾಗೆ ಆಗ ಅರಿವಾಯಿತು, ಮುಖ ಕೆಂಪೇರಿತು. ಮುಚ್ಚಿ ಸಿನ್ಯೋರಾ ಅಂತ ನಾನು ಪಿಸುಗುಟ್ಟಿದೆ. ಮುಚ್ಚಿದರೆ ಅವನು ನೆನೆಯುತ್ತಾನೆ ಅಂತ ಅಷ್ಟೇ ಮೆಲ್ಲಗೆ ಅಂದಳು. ಕೊಡೆ ಇಳಿಸಲಿಲ್ಲ.

ಮೇಲಿನ ಕಿಟಕಿಯಿಂದ ಒಬ್ಬ ಮುದುಕ ಕೂಗಿದ: "ನೋಡ್ರಪ್ಪಾ, ನಮ್ಮ ಬಸವನಹುಳ ಆಮೆ ಚಿಪ್ಪಿನೊಳಗೆ ಹೊಕ್ಕಿದೆ."

ಮೊದಲು ನಕ್ಕವನು ಗಲ್ಗಾನೊ. ಹೊಟ್ಟೆ ಕುಣಿಯುವ ಹಾಗೆ, ಕೆಮ್ಮು ಬರುವ ಹಾಗೆ ನಕ್ಕ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು.

ನಗದೆ ಬಂದವಳು ಒಬ್ಬಳೇ, ಕೇರಿಯ ಊಟಗಳಿಗೆಲ್ಲ ಅಡುಗೆ ಮಾಡಿಸುವ ಆರ್ಜಿಯಾ. ಬಾಣಲೆಯಷ್ಟೇ ಗಟ್ಟಿ ಹೆಂಗಸು. ಎರ್ಸಿಲಿಯಾಳನ್ನು ಮೇಲಿಂದ ಕೆಳಗೆ ಅಳೆದಳು.

"ನಾನು ಟೂರಿಸ್ಟು," ಅಂದಳು ಎರ್ಸಿಲಿಯಾ.

"ಕಾಣ್ತಿದೆ. ಟೂರಿಸ್ಟಮ್ಮಾ, ಗಲ್ಗಾನೊ ರುಮಾಲಿಗೆ ಇಸ್ತ್ರಿ ಹಾಕೋಳು ನೀನೇ ತಾನೆ? ಅದನ್ನ ನೋಡಿ ನೋಡಿ ನಮ್ಮ ಗಂಡಸ್ರು ವರ್ಷಾ ವರ್ಷ ನಮ್ಮನ್ನ ಆಡ್ಕೊಂಡಿದಾರೆ. ಆಮೆ ಕೇರಿಯೋಳು ನಮ್ಮ ಬಣ್ಣಕ್ಕೆ ಕೊಡೋ ಮರ್ಯಾದೆ ನಿಮ್ಮಿಂದ ಆಗಲ್ವಲ್ಲ ಅಂತ. ನಿನ್ನ ಮೇಲೆ ನನಗೆ ಎಷ್ಟು ಉರೀತಿತ್ತು ಗೊತ್ತಾ?"

ಎರ್ಸಿಲಿಯಾಳ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಕುರ್ಚಿ, ಮುಂದೆ ಇಳಿಜಾರು. ಆರ್ಜಿಯಾ ತನ್ನ ಅಡುಗೆಯ ಏಪ್ರನ್ನಿನ ಅಂಚನ್ನು ಎತ್ತಿ, ಆ ಬಟ್ಟೆಯಲ್ಲಿ ಕೊಡೆಯ ಹಿಡಿಯನ್ನು ಹಿಡಿದು ತನ್ನ ಕೈಗೆ ತೆಗೆದುಕೊಂಡಳು. "ಬರಿಗೈಲಿ ಮುಟ್ಟಿಲ್ಲ, ಎಲ್ರೂ ನೋಡ್ಕೊಳ್ಳಿ," ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಇಸ್ತ್ರಿ ಅಂಗಡಿಯ ಬಿಳಿ ಬಟ್ಟೆಯ ಕಥೆ ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗೆ ನಾವು ಕಾರಂಜಿಗೆ ಹೋದೆವು. ಎರ್ಸಿಲಿಯಾ ಎರಡೂ ಕೈಯಲ್ಲಿ ಕುರ್ಚಿ ತಳ್ಳುತ್ತ, ಬಸವನಹುಳುವಿನ ಆರ್ಜಿಯಾ ಪಕ್ಕದಲ್ಲಿ ಆಮೆಯ ಕೊಡೆ ಹಿಡಿದು ನಡೆಯುತ್ತ, ಹಿಂದೆ ಅರ್ಧ ಕೇರಿ. ಯಾರೋ ಲೋಟ ತಂದರು. ಗಲ್ಗಾನೊ ಎಡಗೈಯಲ್ಲಿ ಹಿಡಿದು ಕುಡಿದ. ನೀರಿಗಿಂತ ಹೆಚ್ಚು ಕಣ್ಣೀರೇ ಗದ್ದದ ಮೇಲೆ ಇಳಿಯಿತು. ಉಳಿದದ್ದನ್ನು ಹೆಂಡತಿಯ ಕಡೆ ಚಾಚಿದ. ಟೂರಿಸ್ಟುಗಳು ಸಿಕ್ಕಸಿಕ್ಕ ನೀರು ಕುಡಿಯುವುದಿಲ್ಲ ಅಂದಳು. ಆಮೇಲೆ ಅದೇ ನೀರಿನಲ್ಲಿ ಕೈ ಅದ್ದಿ ಅವನ ಮುಖ ಒರೆಸಿದಳು. ಹೊರಡುವಾಗ ಕನ್ನಡಕ ತೆಗೆದು ಆರ್ಜಿಯಾಳನ್ನು ನೋಡಿದಳು.

"ಇವನನ್ನ ನೀವು ಮರೆತಿರ್ಲಿಲ್ಲ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಆಮೆ ಕೇರಿಯ ಬಾಯಿಂದ ಬಸವನಹುಳುವಿಗೆ ಅಂಥ ಮಾತು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸುದ್ದಿ ತಿಳಿದ ಎರ್ಸಿಲಿಯಾಳ ಅಣ್ಣ ಕೆಂಡವಾದ. ಟೂರಿಗೆ ಹೋಗಿದ್ದೆ, ಬೇಕಾದರೆ ಗೈಡನ್ನು ಕೇಳು ಅಂದಳಂತೆ. ಬಂದು ನನ್ನ ಮೇಲೆ ಕೂಗಾಡಿದ, ನಾನೂ ಬಿಡಲಿಲ್ಲ. ಅಂದಿನಿಂದ ಭಾನುವಾರ ಬಂದರೆ ಎರ್ಸಿಲಿಯಾಳ ಫೋನು, ಇವತ್ತು ಟೂರ್ ಇದೆಯಾ ಅಂತ. ಇದೆ ಅನ್ನುತ್ತೇನೆ. ಅವರ ಮುಂದೆ ಸುಮ್ಮನೆ ನಡೆಯುತ್ತೇನೆ. ಏನನ್ನೂ ವಿವರಿಸಬೇಕಾಗಿಲ್ಲ, ನನ್ನ ಗಂಟಲಿಗೂ ವಿಶ್ರಾಂತಿ.

ಜುಲೈ ಬಂತು. ಪಂದ್ಯದ ದಿನ ಆಕೆ ಆಮೆ ಕೇರಿಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಗಲ್ಗಾನೊ ಈ ಸಲ ಟೀವಿಯ ಮುಂದೆ ಕೂರಲಿಲ್ಲ. ಆರ್ಜಿಯಾ ಕುರ್ಚಿ ತಳ್ಳುವುದಾದರೆ ಆಗಬಹುದು ಅಂದಿದ್ದ, ಆ ಕೈ ಅಡ್ಡಿಯಿಲ್ಲ ಅಂತ. ಸಾನ್ ಮಾರ್ಕೊ ಬೀದಿಯ ಬಾಯಿಯಲ್ಲಿ ಆರ್ಜಿಯಾ ಕಾಯುತ್ತಿದ್ದಳು. ನಾನೂ ಇದ್ದೆ, ಟೂರ್ ಅಲ್ಲವೇ. ಎರ್ಸಿಲಿಯಾಳ ಹೆಗಲ ಮೇಲೆ ಹಳದಿ ನೀಲಿ ರುಮಾಲು. ಚೀಲದಿಂದ ಕೆಂಪು ಹಳದಿಯದನ್ನು ತೆಗೆದಳು. ನಾನು ಬಿಳಿ ಬಟ್ಟೆಗಾಗಿ ನೋಡಿದೆ. ಇರಲಿಲ್ಲ. ಬರಿಗೈಯಲ್ಲಿ ರೇಷ್ಮೆಯನ್ನು ಬಿಡಿಸಿ, ಬರಿಗೈಯಲ್ಲಿ ಗಂಡನ ಕೊರಳಿಗೆ ಹಾಕಿ, ಗಂಟು ಕಟ್ಟಿ, ಅಂಗೈಯಿಂದ ಎದೆಯ ಮೇಲೆ ನಯಮಾಡಿದಳು. ಗಲ್ಗಾನೊ ಆ ಕೈಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

"ಗೆಲ್ಲೋದು ಮಾತ್ರ ಬೇಡ," ಅಂತ ಆಕೆ ಆರ್ಜಿಯಾಗೆ ಹೇಳಿದಳು. "ಇವನನ್ನ ಚೆನ್ನಾಗಿ ನೋಡ್ಕೊಳ್ಳಿ."

ಆ ವರ್ಷ ಎರಡು ಕೇರಿಗಳೂ ಸೋತವು. ಅದಕ್ಕೂ ಎರ್ಸಿಲಿಯಾ ದೇವರಿಗೆ ಕೈಮುಗಿದಳು.