ಉಪ್ಪಿಲ್ಲದ ಎಂಟು ತಿಂಗಳು

ಕಾಪುವಿನ ಹೆದ್ದಾರಿ ಬದಿಯಲ್ಲಿ ಕೊಡೆ ಬಿಡಿಸಿ ಮೀನು ಮಾರುವ ಹೆಜಮಾಡಿಯ ವಾರಿಜಕ್ಕನ ಬಾಯಿಗೆ ಹೆದರದ ಗಿರಾಕಿ ಇಲ್ಲ. ಬಂಗುಡೆಯ ಕಿವಿರು ಎತ್ತಿ ನೋಡಿದರೆ ಸಾಕು, "ಎಂತ, ಮದುವೆ ಮಾಡಿಸಲಿಕ್ಕೆ ಉಂಟಾ ಅದಕ್ಕೆ, ಅಷ್ಟು ನೋಡುವುದು?" ಎನ್ನುತ್ತಾಳೆ. ಇಂಥ ಹೆಂಗಸು ಒಂದು ಸಣ್ಣ ಬಿಳಿ ಮಾತ್ರೆಯ ವಿಷಯದಲ್ಲಿ ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು.

ಅವಳ ಬಿಪಿಗೆ ದಿನಕ್ಕೆ ನಾಲ್ಕು ಮಾತ್ರೆ. ಅದರಲ್ಲಿ ಒಂದು ಮೈಯ ನೀರು ಇಳಿಸುವ ಮಾತ್ರೆ. ನುಂಗಿದರೆ ಗಂಟೆಗೆ ಎರಡು ಸಲ ಮೂತ್ರಕ್ಕೆ ಏಳಬೇಕು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ರಸ್ತೆ ಬದಿಯಲ್ಲಿ ಕೂರುವ ಹೆಂಗಸು ಎದ್ದು ಹೋಗುವುದಾದರೂ ಎಲ್ಲಿಗೆ? ಸೊಸೆ ಚೈತನ್ಯಾ ಬೆಳಗಿನ ಚಹಾದ ಜೊತೆ ಅಂಗೈಗೆ ಹಾಕುತ್ತಿದ್ದ ನಾಲ್ಕರಲ್ಲಿ ಮೂರನ್ನು ನುಂಗಿ, ಬಿಳಿಯದನ್ನು ಸೆರಗಿನಲ್ಲಿ ಅಡಗಿಸಿ, ದಾರಿಯಲ್ಲಿ ಎಸೆಯುತ್ತಿದ್ದಳು.

ಮೊದಲ ವಾರವೇ ಬಿಪಿ ಇಳಿಯದಿದ್ದಾಗ ದೂರು ಬಿದ್ದದ್ದು ಸೊಸೆಯ ಅಡುಗೆಯ ಮೇಲೆ. "ಅಮ್ಮನನ್ನು ಉಪ್ಪು ತಿನ್ನಿಸಿಯೇ ಕೊಲ್ಲುತ್ತೀಯಾ?" ಎಂದು ಮಗ ಯಶ್ವಂತ್ ರೇಗಿದ. ಚೈತನ್ಯಾ ಉಪ್ಪಿನ ಭರಣಿಯನ್ನು ಅಟ್ಟಕ್ಕೇರಿಸಿದಳು. ಅಂದಿನಿಂದ ಇಡೀ ಮನೆಗೆ ಸಪ್ಪೆ ಗಂಜಿ, ಸಪ್ಪೆ ಸಾರು. ಉಪ್ಪಿನಕಾಯಿಯೂ ಇಲ್ಲ, ಒಣಮೀನೂ ಇಲ್ಲ. ವಾರಿಜಕ್ಕ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ನಾಚಿಕೆಯಾಗುತ್ತಿತ್ತು. ಆದರೂ ಹೇಳಲಿಲ್ಲ.

ಕೊನೆಗೆ ಮಣಿಪಾಲದ ಡಾಕ್ಟರರು ಹೊಸ ಚಿಕಿತ್ಸೆಯೊಂದನ್ನು ವಿವರಿಸಿದರು. ತೊಡೆಸಂದಿನ ರಕ್ತನಾಳದೊಳಗೆ ತೆಳ್ಳಗಿನ ಕೊಳವೆ ತೂರಿಸಿ, ಕಿಡ್ನಿಗೆ ಹೋಗುವ ನಾಳದ ಸುತ್ತಲಿನ ನರಗಳಿಗೆ ಶಾಖ ಕೊಡುವುದು. ಅದು ಮಾತ್ರೆಗೆ ಬಗ್ಗದವರಿಗೆ. ಹಾಗಾಗಿ ಮೊದಲು ಒಂದು ಪ್ರಶ್ನೆ: "ಮಾತ್ರೆ ಒಂದೂ ತಪ್ಪಿಸಿಲ್ಲ ಅಲ್ವಾ?"

"ಇಲ್ಲ ಡಾಕ್ಟ್ರೇ," ಎಂದಳು ಚೈತನ್ಯಾ. "ನಾನೇ ಕೈಯಾರೆ ಕೊಡುವುದು. ತಪ್ಪಿದ್ದರೆ ನನ್ನನ್ನು ಕೇಳಿ."

ವಾರಿಜಕ್ಕನಿಗೆ ತಡೆಯಲಾಗಲಿಲ್ಲ. "ಅವಳದ್ದು ಎಂತದೂ ತಪ್ಪಿಲ್ಲ. ಬಿಳಿ ಮಾತ್ರೆ ನಾನು ಬಿಸಾಡಿದ್ದು ಡಾಕ್ಟ್ರೇ. ಎಂಟು ತಿಂಗಳಿಂದ."

ಡಾಕ್ಟರರು ಬೈಯಲಿಲ್ಲ. ಕಾರಣ ಕೇಳಿಕೊಂಡು, "ಅದನ್ನು ಮಧ್ಯಾಹ್ನ ಮನೆಗೆ ಬಂದ ಮೇಲೆ ತೆಗೆದುಕೊಳ್ಳಿ ಅಮ್ಮ. ಎರಡು ತಿಂಗಳು ನೋಡುವ. ಆ ಚಿಕಿತ್ಸೆ ಈಗ ಬೇಡ," ಎಂದರು. ಒಂದು ಮಾತು ಕೇಳಿದ್ದರೆ ಅಂದೇ ಮುಗಿಯುವ ಕೆಲಸ! ಮೀನಿನ ಗಿರಾಕಿಗಳನ್ನು ನಡುಗಿಸುವ ಬಾಯಿ ಅಲ್ಲಿ ಯಾಕೆ ಬಿದ್ದುಹೋಗಿತ್ತೋ.

ಬಸ್ಸಿನಲ್ಲಿ ವಾರಿಜಕ್ಕ ಸೊಸೆಯ ಕೈ ಹಿಡಿದಳು. "ಒಮ್ಮೆ ಬೈದುಬಿಡು ಮಾರಾಯ್ತಿ."

"ನನ್ನ ಹತ್ತಿರ ಹೇಳಬಹುದಿತ್ತು ಮಾಮಿ," ಎಂದಳು ಚೈತನ್ಯಾ. ಅತ್ತೆಗೆ ಅದು ಬೈಗಳಿಗಿಂತ ಹೆಚ್ಚಾಯಿತು.

ಅಂದು ವಾರಿಜಕ್ಕ ತಾನೇ ಅಟ್ಟ ಹತ್ತಿ ಭರಣಿ ಇಳಿಸಿದಳು. ಒಲೆಯ ಮೇಲೆ ಎರಡು ಪಾತ್ರೆ: ತನಗೊಂದರಲ್ಲಿ ಸಪ್ಪೆ ಸಾರು, ಉಳಿದವರಿಗೆ ಉಪ್ಪು ಹುಳಿ ಹದವಾಗಿ ಹಾಕಿದ ಬಂಗುಡೆ ಸಾರು. ಸೊಸೆಯನ್ನು ಕೂರಿಸಿ, ಮೊದಲು ಅವಳಿಗೇ ಬಡಿಸಿ, ಎದುರು ನಿಂತು ನೋಡಿದಳು.

ಚೈತನ್ಯಾ ಒಂದು ತುತ್ತು ಉಂಡು ಕೈ ತಡೆದಳು.

"ಬೇಸರ ಮಾಡಬೇಡಿ ಮಾಮಿ. ಉಪ್ಪು ಈಗ ನನ್ನ ಬಾಯಿಗೆ ಹಿಡಿಸುವುದಿಲ್ಲ," ಎಂದು ಅತ್ತೆಯ ಪಾತ್ರೆಯಿಂದ ಒಂದು ಸೌಟು ಸಪ್ಪೆ ಸಾರು ಬಡಿಸಿಕೊಂಡಳು.